ನಲವತ್ತು ಪದ

ಊರ ಬಾಯಿಗೊಂದು ಫಲಕ ಬೇಕಂತೆ,
ಜಿಲ್ಲಾ ಕಚೇರಿಯಿಂದ ಕಾಗದ ಬಂದಿದೆ:
ಕೊಂಬ್ರಾಸ್, ಚರಿತ್ರೆ ಮತ್ತು ಪರಂಪರೆ,
ನಲವತ್ತು ಪದ ಮೀರಬಾರದು, ಸೋಮವಾರದೊಳಗೆ.
ಪುರಸಭೆಯ ಗುಮಾಸ್ತೆ ನಾನು, ವಾರಕ್ಕೆರಡು ದಿನ.
ಬರೆಯುವ ಕೆಲಸವೆಲ್ಲ ನನ್ನ ತಲೆಗೇ.

ಎಲ್ಲಿಂದ ಶುರು ಮಾಡಲಿ?
ಇಲ್ಲಿ ಗುಡ್ಡವೆಂಬುದು ಗುಡ್ಡವಲ್ಲ, ಮೆಟ್ಟಿಲು.
ಗಾರೆಯಿಲ್ಲದ ಗೋಡೆ, ಅದರ ಬೆನ್ನಿಗೊಂದು ಪಟ್ಟಿ ಹೊಲ,
ಮತ್ತೆ ಗೋಡೆ, ಮತ್ತೆ ಪಟ್ಟಿ,
ಹೊಳೆಯಿಂದ ಹಿಡಿದು ಚೆಸ್ಟ್‌ನಟ್ ತೋಪಿನ ತನಕ.
ಕಟ್ಟಿದವರ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ.
ಶರತ್ಕಾಲದ ಮಳೆ ಒಂದೇ ರಾತ್ರಿಯಲ್ಲಿ
ಮಣ್ಣನ್ನೆಲ್ಲ ಹೊಳೆಗೆ ಎಳೆದೊಯ್ಯುವುದು,
ಚಳಿ ಕಳೆದ ಮೇಲೆ ಹೆಂಗಸರು ಬುಟ್ಟಿಯಲ್ಲಿ
ಅದೇ ಮಣ್ಣನ್ನು ಹೊತ್ತು ಮೇಲೆ ತರುವುದು.
ಮಣ್ಣಿನ ಋಣ ಅನ್ನುತ್ತಾರಲ್ಲ,
ಇಲ್ಲಿ ಅದಕ್ಕೆ ತೂಕವಿತ್ತು. ಬೆನ್ನು ಬಲ್ಲದು.

ಇಷ್ಟಕ್ಕೇ ಲೆಕ್ಕ ಮೀರಿತು. ಹೊಡೆದುಹಾಕಿದೆ.

ರೇಷ್ಮೆ ಬರೆಯಲೇ?
ನನ್ನ ಮುತ್ತಜ್ಜಿ ನೊಯೆಮಿ ಅಝೆಮಾ
ಏಪ್ರಿಲ್ ಬಂತೆಂದರೆ ಹುಳುವಿನ ಮೊಟ್ಟೆಗಳನ್ನು
ಗಸಗಸೆಯ ಹಾಗೆ ಬಟ್ಟೆಚೀಲದಲ್ಲಿ ಕಟ್ಟಿ
ಎದೆಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು,
ಮೈಬಿಸಿಗೆ ಮರಿಯಾಗಲೆಂದು.
ಹತ್ತು ದಿನ ಓಡಿದವಳಲ್ಲ, ಬೋರಲು ಮಲಗಿದವಳಲ್ಲ.
ಗಂಡ ದನಿ ಏರಿಸಿದರೆ
'ಶ್, ಮಕ್ಕಳು ಏಳ್ತಾವೆ' ಅನ್ನುವಳಂತೆ.
ನಾಲ್ಕನೇ ಜ್ವರ ದಾಟಿದ ಹುಳುಗಳು ಅಟ್ಟದ ಮೇಲೆ
ಹಿಪ್ಪುನೇರಳೆ ಮೇಯುವ ಸದ್ದು ರಾತ್ರಿಯಿಡೀ
ಸೋರದ ಮಳೆ.
ಗೂಡೆಲ್ಲ ಪೇಟೆಗೆ. ಅವಳು ಉಟ್ಟದ್ದು ಉಣ್ಣೆ,
ಹೂತದ್ದೂ ಉಣ್ಣೆಯಲ್ಲೇ, ಹೊಲದ ಮೂಲೆಯಲ್ಲಿ, ಸೈಪ್ರೆಸ್ ಮರದ ಕೆಳಗೆ.

ಹುಳು ಹೋಯಿತು, ಮರ ಉಳಿಯಿತು.
ಬೇಸಿಗೆಗೆಂದು ಮನೆ ಕೊಂಡ ಡಚ್ ದಂಪತಿ
ಕಾರಿನ ಮೇಲೆ ಹಣ್ಣುದುರಿ ಕಲೆಯಾಯಿತೆಂದು
ಮರ ಕಡಿಸಲು ಅರ್ಜಿ ಕೊಟ್ಟಿದ್ದಾರೆ.
ಅರ್ಜಿ ನನ್ನ ಮೇಜಿನ ಮೇಲಿದೆ,
ಪರಂಪರೆಯ ಕಾಗದದ ಕೆಳಗೆ.

ಯಾವ ಭಾಷೆಯಲ್ಲಿ, ಅದೂ ಒಂದು ಪ್ರಶ್ನೆ.
ತಾತ ಎಲಿ, ಶಾಲೆಯಲ್ಲಿ ಮನೆಮಾತು ಬಾಯಿಗೆ ಬಂದದ್ದಕ್ಕೆ
ಕೊರಳಲ್ಲಿ ಮರದ ಜೋಡು ಕಟ್ಟಿಕೊಂಡು ನಿಂತವನು.
ಬಿಡುಗಡೆಗೆ ಒಂದೇ ದಾರಿ: ಇನ್ನೊಬ್ಬನ ಬಾಯಿ ಜಾರುವುದನ್ನು ಕಾಯಬೇಕು.
ಅವನು ತನ್ನ ತಮ್ಮನನ್ನೇ ಹಿಡಿದುಕೊಟ್ಟ.
ಇದನ್ನು ಹೇಳಿದ್ದು ಒಮ್ಮೆ ಮಾತ್ರ, ಬೀನ್ಸ್ ಬಿಡಿಸುತ್ತ.
ಅರವತ್ತು ವರ್ಷ ಫ್ರೆಂಚಿನಲ್ಲೇ ಬೈದು, ಫ್ರೆಂಚಿನಲ್ಲೇ ಎಣಿಸಿ,
ಆಸ್ಪತ್ರೆಯ ಕೊನೆಯ ರಾತ್ರಿ
'ಐಗೊ' ಅಂದ. ಮತ್ತೆ, 'ಐಗೊ.'
ನರ್ಸ್ ನನ್ನ ಮುಖ ನೋಡಿದಳು.
ನೀರು ಅಂತ ಹೊಳೆಯಲು ನನಗೂ
ಒಂದು ಗಳಿಗೆ ಹಿಡಿಯಿತು.

ಮೊನ್ನೆ ಮಳೆಗೆ ಅಗಸೆಕಟ್ಟೆಯ ಪಕ್ಕದ ಗೋಡೆ ಹೊಟ್ಟೆಯೊಡೆದು
ರಸ್ತೆಗೆ ಮಲಗಿತು, ಫಲಕಕ್ಕೆಂದು ನೆಟ್ಟ ಕಂಬದ ಸಮೇತ.
ಕಲ್ಲುಕುಟಿಗ ಇದ್ರೀಸ್ ಬಂದ.
ರಿಫ್ ಬೆಟ್ಟದಲ್ಲಿ ಅವನಜ್ಜನೂ ಇಂಥವನ್ನೇ ಕಟ್ಟಿದ್ದನಂತೆ.
ಎತ್ತಿದ ಕಲ್ಲನ್ನು ಅವನು ಕೆಳಗಿಡುವುದಿಲ್ಲ,
ತಿರುಗಿಸಿ, ಮತ್ತೆ ತಿರುಗಿಸಿ
ಅದರ ಮುಖ ಸಿಕ್ಕುವ ತನಕ ಕೈಯಲ್ಲೇ.

ಮಣ್ಣು ಹೊರಲು ನಾವು ಏಳು ಜನ,
ಬುಟ್ಟಿ ಯಾರ ಮನೆಯಲ್ಲೂ ಇರಲಿಲ್ಲ, ಪೇಂಟಿನ ಬಕೆಟ್ಟು.
ಡಚ್ ಯಜಮಾನರೂ ಬಂದರು, ಹೊಸ ಬೂಟು ಹಾಕಿಕೊಂಡು,
ಅರ್ಜಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಒಂದು, ಎರಡು, ಹನ್ನೊಂದು,
ಮಂಡಿ ನೋವು, ಮೂವತ್ತಾರು, ಮೂವತ್ತೇಳು,
ಆಮೇಲೆ ಇದ್ರೀಸ್ ಏನೋ ಕೇಳಿದ,
ಎಣಿಕೆ ತಪ್ಪಿತು.