ಐವತ್ತೇಳು ಕಿಲೋ

ಬೇವಿನ ಮರದ ಕೆಳಗೆ ಡ್ರಾಫ್ಟ್ಸ್ ಮಣೆ ಮಗುಚಿಟ್ಟು
ಬೆಳಗಿನಿಂದ ಅದೇ ಜಗಳ ಬುಕೋಮಿನ ಹುಡುಗರದು:
ಓಕ್ಪೋಟಿ ದೊಡ್ಡವನೋ, ಲಂಕ್ವೆ ದೊಡ್ಡವನೋ,
ಇಬ್ಬರಿಗಿಂತ ಆ ಎಡಚ ಆಶಿಟೆಯೋ.
ಅವರ ಮಾತು ಮುಗಿಯದು. ನನ್ನ ಮೀನು ಕಾಯದು.

ಒಬ್ಬ ಅಂತಾನೆ: ನಾಲ್ಕು ಬೆಲ್ಟು ನಮ್ಮ ಓಕ್ಪೋಟಿಗೆ,
ಮೂವತ್ತೊಂದು ಕಾಳಗ, ಸೋಲೆಂಬುದಿಲ್ಲ.
ಇನ್ನೊಬ್ಬ: ಸೋತವರು ಯಾರಪ್ಪ, ಹೆಸರು ಹೇಳು.
ಒಬ್ಬ ಮುದುಕ, ಒಬ್ಬ ಮೊಣಕೈ ಮುರಿದವ,
ಒಬ್ಬ ಬೀಳಲೆಂದೇ ವಿಮಾನ ಹತ್ತಿ ಬಂದವ.
ಲಂಕ್ವೆಯ ಕಾಲಕ್ಕೆ ಇದ್ದದ್ದೇ ಒಂದು ಬೆಲ್ಟು,
ಸುತ್ತು ಹದಿನೈದು.
ನೀನು ನೋಡಿದ್ದೀಯಾ?
ನಮ್ಮಜ್ಜ ರೇಡಿಯೋದಲ್ಲಿ ಕೇಳಿದ್ದ.

ಕಂಡ ಗುದ್ದಿಗಿಂತ ಕೇಳಿದ ಗುದ್ದು ಯಾವಾಗಲೂ ಜೋರು.

ನನ್ನನ್ನು ಯಾರೂ ಕೇಳುವುದಿಲ್ಲ.
ಕೊರ್ಕೋರ್ ಅಂದರೆ ಮೀನಿನವಳು,
ಮೊಣಕೈವರೆಗೆ ಹುರುಪೆ ಅಂಟಿಸಿಕೊಂಡವಳು.
ಆದರೆ ಈ ಕಬ್ಬಿಣದ ಹಲಗೆಯ ತಕ್ಕಡಿ,
ಅವ್ವನಿಂದ ನನಗೆ ಉಳಿದದ್ದು,
ಇದರ ಮೇಲೆ ಮೂವರೂ ಬರಿಗಾಲಲ್ಲಿ ನಿಂತಿದ್ದಾರೆ.
ಸಂಘದವರ ತೂಕಕ್ಕೆ ಮುಂಚೆ, ನಸುಕಿನಲ್ಲಿ,
ದೋಣಿಗಳು ದಡ ಮುಟ್ಟುವ ಮೊದಲು
ಕಳ್ಳರ ಹಾಗೆ ಬರುತ್ತಿದ್ದರು.

ಲಂಕ್ವೆ ಬಂದಾಗ ನನಗೆ ಹನ್ನೊಂದು. ಲಾಟೀನು ಹಿಡಿದಿದ್ದೆ.
ಮುನ್ನೂರು ಗ್ರಾಂ ಹೆಚ್ಚು.
ಎರಡು ದಿನದಿಂದ ನೀರು ಮುಟ್ಟಿಲ್ಲ,
ಉಗುಳೋಣವೆಂದರೆ ಬಾಯಲ್ಲಿ ಎಂಜಲಿಲ್ಲ.
ಅವ್ವನ ಮೀನಿನ ಚೂರಿ ಇಸಿದುಕೊಂಡು
ಅಲ್ಲೇ ಕೂತು ತಲೆ ಬೋಳಿಸಿಕೊಂಡ.
ಮತ್ತೆ ಹತ್ತಿದ. ಅವ್ವ ಬಗ್ಗಿ ನೋಡಿ,
"ಇನ್ನೂ ಇದೆ ಮಗ" ಅಂದಳು.
ಕಂಬಳಿ ಹೊದ್ದು ದೀಪಸ್ತಂಭದವರೆಗೆ ಓಡಿದ, ಬಂದ, ಓಡಿದ.
ಹುರುಪೆಯ ಜೊತೆ ಅವನ ಕೂದಲು ಗುಡಿಸಿದವಳು ನಾನು.

ಆಶಿಟೆಯದು ಬೇರೆ ಕತೆ. ಹುಡುಗ ಹುಲ್ಲುಕಡ್ಡಿ.
ಚಿಕ್ಕವನೆಂದು ವಾಪಸು ಕಳಿಸಿಯಾರೆಂಬ ಭಯಕ್ಕೆ
ಬಲೆಯ ಸೀಸದ ಗುಂಡು ಚಡ್ಡಿಯೊಳಗೆ ಹೊಲಿಸಿಕೊಂಡಿದ್ದ,
ನಡೆದರೆ ಟಕಟಕ ಸದ್ದು.
ನಾನು ನಕ್ಕುಬಿಟ್ಟೆ. ಅವನೂ ನಕ್ಕ.
ಗೆದ್ದ ಮಾರನೇ ದಿನ ಗುಂಡುಗಳನ್ನು ಎಣಿಸಿ ಹಿಂದಿರುಗಿಸಿದ,
ಒಂದು ಕಡಿಮೆ.
ಅದು ನನ್ನ ಹತ್ತಿರ ಇರಲಿ ಅಂದ.

ಓಕ್ಪೋಟಿಗೆ ಹೋಟೆಲಿನಲ್ಲೇ ಗಾಜಿನ ತಕ್ಕಡಿ,
ಎಷ್ಟು ತಿನ್ನಬೇಕೆಂದು ಹೇಳಲು ಒಬ್ಬಳು ಡಾಕ್ಟರು.
ಆದರೂ ಬಂದ,
ಡೋಲು ಬಾರಿಸಬಾರದ ತಿಂಗಳಲ್ಲಿ,
ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದ್ದಾಗ.
ಕಾರು ದೂರ ನಿಲ್ಲಿಸಿ, ಸರ ಬಿಚ್ಚಿ, ಗಡಿಯಾರ ಬಿಚ್ಚಿ,
ಹಲಗೆ ಹತ್ತಿದ.
ಐವತ್ತೇಳು, ಅಂದೆ.

"ಅದಲ್ಲ ಚಿಕ್ಕಮ್ಮ. ಅವರಿಬ್ಬರ ಎದುರು ನಾನು ಎಷ್ಟು?"

ನನಗೆ ಲಂಕ್ವೆಯ ಕೊನೆಯ ದಿನಗಳು ನೆನಪಾದವು.
ಕಿವಿ ಹೋಗಿತ್ತು. ನನ್ನ ಬುಟ್ಟಿಗಳ ನೆರಳಲ್ಲಿ ಕೂತಿರುತ್ತಿದ್ದ.
ಎದುರಿನ ಅಂಗಡಿಯ ಟಿವಿಯಲ್ಲಿ ಈ ಹುಡುಗನ ಕಾಳಗ ಬರುವಾಗ
ಒಮ್ಮೆ, ಯಾರೂ ಕೇಳದೆ, ಹೇಳಿದ:
"ಬಲಗೈ ಬೀಸುವ ಮುಂಚೆ ಇವನ ಎಡ ಹಿಮ್ಮಡಿ ಏಳುತ್ತದೆ.
ನಾನಾಗಿದ್ದರೆ ಏಳನೇ ಸುತ್ತಿನ ತನಕ ಕಾಯುತ್ತಿದ್ದೆ."
ಆಮೇಲೆ ಕೆಂಕಿ ಉಂಡೆ ಮುರಿಯಲು ಹೋದ,
ಬೆರಳು ನಡುಗಿ ಅದು ಮರಳಿಗೆ ಬಿತ್ತು.
ಹೆಕ್ಕಿ, ಮರಳು ಒರೆಸಿ, ತಿಂದ.

ಇದನ್ನು ಹೇಳಲೋ ಬೇಡವೋ.
ಹಲಗೆಯ ಮೇಲೆ ಅವನು ಉತ್ತರಕ್ಕೆ ಕಾದಿದ್ದ.
ಮುಳ್ಳು ಐವತ್ತೇಳರ ಆಚೆ ಈಚೆ
ಕೂದಲೆಳೆಯಷ್ಟು ಅಲ್ಲಾಡುತ್ತಲೇ ಇತ್ತು.
ಲಾಟೀನು ಕೆಳಗಿಳಿಸಿ ಅವನ ಪಾದ ನೋಡಿದೆ.

"ಹಿಮ್ಮಡಿ ಊರು," ಅಂದೆ.
"ಎಡಗಾಲಿನದು."

ಅವನು ಬಗ್ಗಿ ನೋಡಿಕೊಂಡ. ತುಂಬ ಹೊತ್ತು ನೋಡಿಕೊಂಡ.
ದೂರದಲ್ಲಿ ಮೊದಲ ದೋಣಿಯವರು
ಹಗ್ಗ ಎಳೆಯುತ್ತಿದ್ದರು, ಹಾಡಿಲ್ಲದೆ.