ಮುಖ್ಯಾರ್ಥಬಾಧೆ

ಎರಡನೇ ಪೀರಿಯಡ್ಡು, ಕಾವ್ಯಮೀಮಾಂಸೆ, ಹನ್ನೊಂದು ಮಂದಿ.
ಪಾಠದ ಹಳೇ ಗಂಗೆ ನಮಗೆ ದೂರವೆಂದು
ಪಕ್ಕದ ಹೊಳೆಯನ್ನೇ ಬೋರ್ಡಿಗೆ ತಂದೆ:
'ತುಂಗೆಯ ಮೇಲೆ ಮನೆ.'
ಹೊಳೆಯ ಮೇಲೆ ಗೋಡೆ ನಿಲ್ಲದು, ಒಲೆ ಉರಿಯದು,
ನೇರ ಅರ್ಥಕ್ಕೆ ಅಡ್ಡಿ. ಇದು ಮುಖ್ಯಾರ್ಥಬಾಧೆ.
ಆಗ ಅರ್ಥ ಒಂದು ಹೆಜ್ಜೆ ಸರಿದು
ದಡದಲ್ಲಿ ಕೂರುತ್ತದೆ. ಇದು ಲಕ್ಷಣೆ.
ತಂಪು, ಮಡಿ, ಬೆಳಗಿನ ಗಾಳಿ
ಹೇಳದೆಯೇ ಹಿಂದೆ ಬಂದವು. ಅದು ವ್ಯಂಗ್ಯ.
ಬರೆದುಕೊಳ್ಳಿ.

ಹತ್ತು ಮಂದಿ ಬರೆದುಕೊಂಡರು.
ಫಾಮಿದಾ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು.
ಅಡ್ಡಿ ಯಾವಾಗಲೂ ಇರುತ್ತಾ ಸರ್?
ಇರಲೇಬೇಕಮ್ಮ, ಇಲ್ಲದಿದ್ದರೆ ಲಕ್ಷಣೆ ಹುಟ್ಟೋದೇ ಇಲ್ಲ.
ಬೆಲ್ಲಾಯಿತು.

ಟೆಸ್ಟಿನಲ್ಲಿ ಐದು ಅಂಕದ ಪ್ರಶ್ನೆ: ಸೋದಾಹರಣವಾಗಿ ವಿವರಿಸಿ.
ಅವಳು ಬರೆದದ್ದು:

'ತುಂಗೆಯ ಮೇಲೆ ನಮ್ಮ ಮನೆ.
ಆ ಆಗಸ್ಟಿನ ರಾತ್ರಿ ಎರಡು ಗಂಟೆಗೆ
ನೇರ ಅರ್ಥವೇ ಬಾಗಿಲು ತಳ್ಳಿ ಒಳಗೆ ಬಂತು.
ಮೊದಲು ಚಪ್ಪಲಿ ತೇಲಿದವು, ಆಮೇಲೆ ಖಾಲಿ ಸಿಲಿಂಡರು.
ಅಬ್ಬಾನ ಹೊಲಿಗೆ ಮೆಷಿನ್ನು ತೇಲಲಿಲ್ಲ,
ಯಾರದೋ ಮದುವೆ ಬ್ಲೌಸು ಕಚ್ಚಿಕೊಂಡು ನಿಂತಲ್ಲೇ ಮುಳುಗಿತು.
ಅರ್ಥಕ್ಕೆ ಯಾವ ಬಾಧೆಯೂ ಇರಲಿಲ್ಲ ಸರ್.
ಬಾಧೆ ಇದ್ದದ್ದು ನಮಗೆ.

ಇನ್ನೊಂದು ಉದಾಹರಣೆ: ಮಟಪ ಮುಳುಗಿತು.
ಸೇತುವೆ ಮೇಲಿನವರು ಕೇಳಿದರೆ,
ಹೊಳೆ ತುಂಬಿತು, ಬಾಗಿನ ಬಿಡೋಣ, ಫೋಟೊ ತೆಗಿ,
ಮಿರ್ಚಿ ಇನ್ನೂ ಬಿಸಿ ಇದೆ.
ನಮ್ಮ ಗಲ್ಲಿಯಲ್ಲಿ ಕೇಳಿದರೆ,
ಅಕ್ಕಿ ಮೇಲಿಡು, ರೇಷನ್ ಕಾರ್ಡು ಪ್ಲಾಸ್ಟಿಕ್ಕಿನಲ್ಲಿ ಸುತ್ತು,
ನಾನೀಮಾಳನ್ನು ಎಬ್ಬಿಸು.
ಇದನ್ನು ಧ್ವನಿ ಅನ್ನಬಹುದಾ?'

ಉತ್ತರಪತ್ರಿಕೆಯಲ್ಲಿ ಯಾರಾದರೂ
ಪ್ರಶ್ನೆ ಕೇಳುತ್ತಾರೆಯೇ?

ವಿನೋಬನಗರದ ಮೂರನೇ ಮಹಡಿ ನನ್ನದು.
ಆ ಆಗಸ್ಟಿನಲ್ಲಿ ನಾನೂ ಸೇತುವೆ ಮೇಲಿದ್ದೆ,
ಮಗಳನ್ನು ಹೆಗಲಿಗೇರಿಸಿಕೊಂಡು:
ನೋಡು ನೋಡು, ಮಂಟಪ ಕಾಣಿಸೋದೇ ಇಲ್ಲ!
ಕಾಗದದ ಪೊಟ್ಟಣದಲ್ಲಿ ಮಿರ್ಚಿಯೂ ಇತ್ತು,
ಅದು ಅವಳಿಗೆ ಹೇಗೆ ಗೊತ್ತು?
ಇಪ್ಪತ್ತೆರಡು ವರ್ಷ ಸಹೃದಯನ ಲಕ್ಷಣ ಬರೆಸಿದ ಕೈ,
ಎಣ್ಣೆ ಒರೆಸಿಕೊಂಡದ್ದೂ ಅದೇ.

ಸೂತ್ರ ಹಿಡಿದರೆ ಉತ್ತರ ತಪ್ಪು.
ನಾಲ್ಕೂವರೆ ಕೊಟ್ಟೆ.
ಅರ್ಧ ಹೋದದ್ದು ಕಾಗುಣಿತಕ್ಕೆ:
ಮಂಟಪದ ಸೊನ್ನೆ ಬಿಟ್ಟಿದ್ದಳು.
ಕೆಂಪು ಶಾಯಿಯಲ್ಲಿ ನಾನೇ ಅದನ್ನು
ನೀರಿನಿಂದೆತ್ತಿ
ಇದ್ದ ಜಾಗದಲ್ಲಿಟ್ಟೆ.