ಐಸ್ ಡಬ್ಬಿ

ಬನಹಟ್ಟಿಯಿಂದ ಬೆಳಗಾವಿಗೆ ಐದೂ ಇಪ್ಪತ್ತರ ಬಸ್ಸು.
ತೊಡೆಯ ಮೇಲೆ ಥರ್ಮಕೋಲ್ ಡಬ್ಬಿ, ಒಳಗೆ
ಬರ್ಫದ ಕಾರ್ಖಾನೆಯಲ್ಲಿ ಒಡೆಸಿ ತಂದ ಗಡ್ಡೆ,
ಗಡ್ಡೆಗಳ ನಡುವೆ ಎರಡು ನಳಿಕೆ:
ಶಾಂಭವಿ ಬಿಳ್ಳೂರ, ಇಪ್ಪತ್ತಾರು ವರ್ಷ.

‘ಮೀನೇನ್ರೀ?’ ಅಂದ ಕಂಡಕ್ಟರ್.
‘ರಕ್ತ’ ಅಂದೆ.
ಚಿಲ್ಲರೆಯನ್ನು ದೂರದಿಂದಲೇ ಚಾಚಿದ.

ಹೋದ ಸಲ ಪಾರ್ಸಲ್ ಹಾಕಿದ್ದೆ. ಏಪ್ರಿಲ್ ಬಿಸಿಲು.
ಸಿ-ಮೂರು ತೀರಾ ಕಡಿಮೆ ಅಂತ ಬಂತು.
ರೋಗ ತಿಂದದ್ದೋ, ದಾರಿಯ ಕಾವು ತಿಂದದ್ದೋ?
ಮುಟ್ಟಿದರೆ ಮುನಿಯಂಥ ಪ್ರೋಟೀನು,
ಸೆಕೆಗೆ ತಾನಾಗಿ ಸಿಡಿದು ಮುಗಿದುಹೋಗುತ್ತದೆ.

ಪೂರಕ ಅಂತ ಹೆಸರು. ಯಾರಿಟ್ಟರೋ,
ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ ಬಡಿಸಿದ ಹಾಗೆ.
ಶಾಲೆ ಕಲಿತದ್ದಲ್ಲ ಇದು,
ಯಾವ ವೈರಿಯ ಹೆಸರನ್ನೂ ಬರೆದಿಟ್ಟುಕೊಂಡಿಲ್ಲ.
ಹುಟ್ಟಿದಂದಿನಿಂದ ರಕ್ತದಲ್ಲಿ ತಿರುಗುತ್ತ
ಸಿಕ್ಕ ಸಿಕ್ಕ ಮೈಯನ್ನೆಲ್ಲ ತಡವಿ ನೋಡುತ್ತದೆ.
ನಮ್ಮದಾದರೆ ಕೈ ಬಿಡುತ್ತದೆ.
ಹೊರಗಿನದಾದರೆ ಅಂಟಿಕೊಂಡು ಕೂಗುತ್ತದೆ;
ಒಂದು ಕೂಗಿಗೆ ಹತ್ತು ಏಳುತ್ತವೆ, ಹತ್ತಕ್ಕೆ ಸಾವಿರ,
ಕೊನೆಗೆ ವೈರಿಯ ಗೋಡೆಗೆ ತೂತು.

ಶಾಂಭವಿಯೊಳಗೆ ಆ ಕೂಗು ನಿಂತಿಲ್ಲ.
ಮೂಗಿನ ಎರಡೂ ಕಡೆ ಕೆಂಪು,
ಬೆರಳ ಸಂದಿನಲ್ಲಿ ಬಾವು, ಮಗ್ಗದ ಮುಂದೆ
ಹರಿದ ಎಳೆಗೆ ಗಂಟು ಹಾಕಲು ಆಗುತ್ತಿಲ್ಲ.
ಉಚ್ಚೆಯಲ್ಲಿ ನೊರೆ.

‘ಕಾಯೋರು ಕಡಿಮಿ ಆಗ್ಯಾರಂದ್ರ
ಹೊರಗಿಂದ ತಂದು ತುಂಬ್ರಲ್ಲ’ ಅಂದಳು ಅವಳ ಅತ್ತೆ.
ಸರಳ ಲೆಕ್ಕ.
ಹೆಂಗ ಹೇಳಲೆವ್ವಾ,
ಓಡಿ ಹೋಗಿಲ್ಲ ಅವು, ಖರ್ಚಾಗಾಕತ್ಯಾವ,
ಮೂತ್ರಪಿಂಡದ ಸೋಸುವ ಜಾಳಿಗೆ ಅಂಟಿ
ಅದನ್ನ ಕಳ್ಳ ಅಂತ ಬಡ್ಯಾಕತ್ಯಾವ.

ಇನ್ನೊಂದು ನಾನು ಹೇಳಲೇ ಇಲ್ಲ.
ಈ ಕಾವಲಿನಲ್ಲಿ ಮೊದಲ ಕೊಂಡಿಯೇ ಇಲ್ಲದೆ
ಹುಟ್ಟಿದವರಿಗೂ ಹೆಚ್ಚಾಗಿ ಇದೇ ರೋಗ.
ಸತ್ತ ಜೀವಕೋಶಗಳ ಕಸ ಬಳಿಯುವುದೂ ಇದರದೇ ಕೆಲಸ;
ಬಳಿಯದೆ ಬಿಟ್ಟ ಕಸ ಒಂದು ದಿನ
ವೈರಿಯ ಹಾಗೆ ಕಾಣತೊಡಗುತ್ತದೆ.
ಇದ್ದೂ ಕಷ್ಟ, ಇಲ್ಲದೆಯೂ ಕಷ್ಟ.
ಲ್ಯಾಬಿನ ರಿಪೋರ್ಟಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ಮಹಾಲಿಂಗಪುರ. ಬೆಲ್ಲದ ಪೇಟೆ ಇನ್ನೂ ಬಾಗಿಲು ತೆಗೆದಿಲ್ಲ.
ಪಕ್ಕದ ಸೀಟಿನ ಹುಡುಗ ನನ್ನ ಹೆಗಲಿಗೆ ನಿದ್ದೆಹೋದ.
ಗೋಕಾಕ ಬರುವಷ್ಟರಲ್ಲಿ
ಡಬ್ಬಿಯ ಮೂಲೆ ಸೋರಿ ಪ್ಯಾಂಟು ತೊಯ್ದಿತ್ತು,
ಬಿಸಿಲು ನಮ್ಮ ಕಡೆಯ ಕಿಟಕಿಗೇ ಬಂತು.

ಟವೆಲ್ ಹೊದಿಸಿದೆ. ಅದರ ಮೇಲೆ ಕೈ ಇಟ್ಟೆ,
ಆಮೇಲೆ ಕೈಯೂ ಬೆಚ್ಚಗಿದೆಯಲ್ಲ ಅಂತ ತೆಗೆದೆ.
ಇವತ್ತು ಬರುವ ಅಂಕಿ
ಎಷ್ಟೇ ಇರಲಿ,
ಅವಳದ್ದೇ ಆಗಿರಲಿ.